ಸಣ್ಣ ಟ್ರಾಕ್ಟರನ್ನು ಕೊಳ್ಳುವವರು ವಿಚಾರಿಸತಕ್ಕ ಸಂಗತಿಗಳು

ಕುಂದಾಪುರಕ್ಕೆ ಸಮೀಪದಲ್ಲಿ, ಪಂಚಗಂಗಾವಳಿಯ ಹಿನ್ನೀರಿಗೂ ಹೆದ್ದಾರಿಗೂ ಹೊಂದಿಕೊಂಡಿರುವ ತಲ್ಲೂರಿನಲ್ಲಿ ಗದ್ದೆಯ ಕೆಲಸವು ಬಹುಕಾಲ ಕೋಣ ಮತ್ತು ಎತ್ತುಗಳ ಬಲದಿಂದಲೇ ನಡೆಯುತ್ತಿತ್ತು. ಈಗ ಕರಾವಳಿಯಲ್ಲಿ ಉಳುವ ಜೋಡಿಯನ್ನು ಸಾಕುವ ಮನೆಗಳು ವಿರಳವಾಗಿವೆ. ಕೂಲಿಯಾಳುಗಳು ಸಕಾಲದಲ್ಲಿ ದೊರೆಯುವುದಿಲ್ಲ. ತತ್ಪ್ರಯುಕ್ತ ಪವರ್ ಟಿಲ್ಲರು, ಅದರ ತರುವಾಯ ಸಣ್ಣ ಟ್ರಾಕ್ಟರು ಗದ್ದೆಗೆ ಇಳಿದಿವೆ. ಯಂತ್ರವು ಬೇಕೋ ಬೇಡವೋ ಎಂಬ ಚರ್ಚೆಯು ಮುಗಿದಂತೆಯೇ ಸರಿ. ಯಾವುದನ್ನು, ಎಷ್ಟು ಬೆಲೆಗೆ, ಯಾರಿಂದ ಕೊಳ್ಳಬೇಕೆಂಬುದೇ ಉಳಿದಿರುವ ಪ್ರಶ್ನೆ. ಹಲವು ಲಕ್ಷ ರೂಪಾಯಿಗಳ ಸಾಲವನ್ನು ಹೊತ್ತು ಕೊಂಡ ಯಂತ್ರವು ಗದ್ದೆಗೆ ಒಗ್ಗದೆ ಹೋದರೆ ಆ ಸಾಲದ ಕಂತು ಭತ್ತದಿಂದ ಹುಟ್ಟದು. ಆದುದರಿಂದ ಈ ವಿಷಯವನ್ನು ಸಾವಧಾನವಾಗಿ ಪರ್ಯಾಲೋಚಿಸುವುದು ಅವಶ್ಯಕ.

ಮೊದಲು ಗದ್ದೆ, ಆಮೇಲೆ ಯಂತ್ರ

ಕೊಳ್ಳುವವನು ಅಂಗಡಿಗೆ ಹೋಗುವುದಕ್ಕೆ ಮುಂಚೆ ತನ್ನ ಗದ್ದೆಯನ್ನು ಒಮ್ಮೆ ಸುತ್ತಿ ಬರತಕ್ಕದ್ದು. ಕರಾವಳಿಯ ಭೂಮಿಯು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿರುವುದು ಸರ್ವರಿಗೂ ವಿದಿತವೇ ಇದೆ. ಬೈಲಿನಲ್ಲಿ ನೀರು ನಿಲ್ಲುತ್ತದೆ, ಕೆಸರು ಆಳವಾಗಿರುತ್ತದೆ. ಬೆಟ್ಟಿನಲ್ಲಿ ಗದ್ದೆಗಳು ಕಿರಿದು, ಒಂದಕ್ಕಿಂತ ಒಂದು ಮೇಲೆ, ನಡುವೆ ಎತ್ತರವಾದ ಅಂಚು. ಬಯಲುಸೀಮೆಯ ವಿಶಾಲವಾದ ಹೊಲದಲ್ಲಿ ಚೆನ್ನಾಗಿ ನಡೆಯುವ 40 ಅಥವಾ 50 ಅಶ್ವಶಕ್ತಿಯ ಟ್ರಾಕ್ಟರು ಇಂತಹ ಕಿರುಗದ್ದೆಯಲ್ಲಿ ತಿರುಗುವುದಕ್ಕೇ ಸ್ಥಳವಿರುವುದಿಲ್ಲ. ಆಳವಾದ ಕೆಸರಿನಲ್ಲಿ ಅದರ ಭಾರವೇ ಅದಕ್ಕೆ ಶತ್ರುವಾಗುತ್ತದೆ. ಸುಮಾರು 15ರಿಂದ 28 ಅಶ್ವಶಕ್ತಿಯವರೆಗಿನ ಸಣ್ಣ ಟ್ರಾಕ್ಟರುಗಳು ಕರಾವಳಿಯಲ್ಲಿ ಆದರಣೀಯವಾಗಿರುವುದು ಇದರಿಂದಲೇ.

ಗದ್ದೆಗೆ ಹೋಗುವ ದಾರಿಯ ಅಗಲವೆಷ್ಟು, ಅಂಚು ಎಷ್ಟು ಎತ್ತರ, ಕೆಸರು ಎಷ್ಟು ಆಳ ಎಂಬ ಮೂರನ್ನು ಅಳೆದು ಬರೆದಿಟ್ಟುಕೊಂಡರೆ ಅರ್ಧ ಪ್ರಶ್ನೆಗೆ ಉತ್ತರವು ದೊರೆತಂತೆ. ಅತಿ ಸಣ್ಣ ಗದ್ದೆಗಳೇ ಹೆಚ್ಚಾಗಿರುವವನಿಗೆ ಟ್ರಾಕ್ಟರಿಗಿಂತ ಟಿಲ್ಲರೇ ಉತ್ತಮವಾಗಬಹುದು. ಆದರೆ ಟಿಲ್ಲರಿನ ಹಿಂದೆ ದಿನವಿಡೀ ಕೆಸರಿನಲ್ಲಿ ನಡೆಯಬಲ್ಲ ಆಳು ಬೇಕೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೆಸರಿನ ಬೆಲೆ

ಮಾರುಕಟ್ಟೆಯಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಸ್ಥಾಪಿತವಾಗಿ, ಟಿಲ್ಲರುಗಳನ್ನೂ ಸಣ್ಣ ಟ್ರಾಕ್ಟರುಗಳನ್ನೂ ತಯಾರಿಸುತ್ತ ಬಂದಿದೆ. ಮಹೀಂದ್ರದ ಯುವರಾಜ್ 215 ಎಂಬುದು ಒಂದೇ ಸಿಲಿಂಡರಿನ, 15 ಅಶ್ವಶಕ್ತಿಯ ಯಂತ್ರ. ಕುಬೋಟದ ನಿಯೋಸ್ಟಾರ್ ಬಿ 2441 ಎಂಬುದು ಮೂರು ಸಿಲಿಂಡರಿನ, 24 ಅಶ್ವಶಕ್ತಿಯ, ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಯಂತ್ರ. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ಯಾವುದು ಅಗ್ಗವೆಂದು ಕೇಳುವುದು ಸರಿಯಲ್ಲ. ಅವುಗಳ ಕೆಲಸವೇ ಬೇರೆ. ಹೆಸರುಗಳ ಹಿಂದಿನ ಒಡೆತನವೂ ಬದಲಾಗುತ್ತಿರುತ್ತದೆ. ಸ್ವರಾಜ್ ಹೆಸರಿನ ಪಂಜಾಬ್ ಟ್ರಾಕ್ಟರ್ಸ್ ಸಂಸ್ಥೆಯು 2007ರಲ್ಲಿ ಮಹೀಂದ್ರದ ವಶವಾದುದನ್ನು ಇಲ್ಲಿ ನೆನೆಯಬಹುದು.

ಹೆಸರೊಂದನ್ನೇ ನಂಬಿ ಕೊಳ್ಳುವುದರಿಂದ ಏನಾಗಬಹುದೆಂಬುದಕ್ಕೆ ಅಮೆರಿಕ ದೇಶದ ನೆಬ್ರಾಸ್ಕ ಸಂಸ್ಥಾನದ ದೃಷ್ಟಾಂತವು ಬೋಧಪ್ರದವಾಗಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಿನಿಯಾಪೊಲಿಸ್ ಪಟ್ಟಣದ ಒಂದು ಕಂಪನಿಯು ಫೋರ್ಡ್ ಎಂಬ ಹೆಸರಿನ ಒಬ್ಬ ವ್ಯಕ್ತಿಯನ್ನು ಸೇರಿಸಿಕೊಂಡು, ತನ್ನ ಟ್ರಾಕ್ಟರುಗಳಿಗೆ ಫೋರ್ಡ್ ಎಂದೇ ಹೆಸರಿಟ್ಟು ಮಾರಿತು. ಪ್ರಖ್ಯಾತ ಮೋಟಾರು ತಯಾರಕರಾದ ಹೆನ್ರಿ ಫೋರ್ಡರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಯಂತ್ರವನ್ನು ಕೊಂಡು ನಷ್ಟಪಟ್ಟವರಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತರೊಬ್ಬರು. ಅವರು ಮುಂದೆ ಶಾಸನಸಭೆಯ ಸದಸ್ಯರಾದಾಗ, ಪರೀಕ್ಷೆಯಾಗದ ಟ್ರಾಕ್ಟರನ್ನು ಆ ಸಂಸ್ಥಾನದಲ್ಲಿ ಮಾರಕೂಡದೆಂಬ ಕಾನೂನು 1919ರಲ್ಲಿ ಅಂಗೀಕೃತವಾಗಲು ಕಾರಣರಾದರು. ಬಿಡಿಭಾಗಗಳನ್ನು ಸಂಸ್ಥಾನದೊಳಗೇ ಒದಗಿಸಬೇಕೆಂಬುದೂ ಆ ಕಾನೂನಿನ ಕಟ್ಟಳೆಯಾಗಿತ್ತು. ನಷ್ಟಪಟ್ಟ ಒಬ್ಬ ರೈತನು ಕಂಡುಕೊಂಡ ಈ ಎರಡು ಸೂತ್ರಗಳು, ಅಂದರೆ ಪರೀಕ್ಷೆಯ ವರದಿ ಮತ್ತು ಬಿಡಿಭಾಗದ ಸಾಮೀಪ್ಯ, ಒಂದು ಶತಮಾನವು ಕಳೆದರೂ ತಲ್ಲೂರಿಗೆ ಅಷ್ಟೇ ಅನ್ವಯಿಸುತ್ತವೆ.

ಗುಣವನ್ನು ಅರಿಯುವ ಬಗೆ

ಭಾರತದಲ್ಲಿ ಟ್ರಾಕ್ಟರುಗಳ ಪರೀಕ್ಷೆಗೆಂದು ಮಧ್ಯಪ್ರದೇಶದ ಬುಧನಿಯಲ್ಲಿ ಕೇಂದ್ರ ಸರಕಾರದ ಸಂಸ್ಥೆಯು ಇದೆ. ಕರ್ನಾಟಕದ ಗಡಿಗೆ ಸಮೀಪದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ದಕ್ಷಿಣ ವಲಯದ ಸಂಸ್ಥೆಯೊಂದು ಕೃಷಿಯಂತ್ರಗಳನ್ನು ಪರೀಕ್ಷಿಸುತ್ತದೆ. ಇಂತಹ ಸಂಸ್ಥೆಗಳ ವರದಿಯನ್ನು ತೋರಿಸಬೇಕೆಂದು ಮಾರಾಟಗಾರನನ್ನು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ವರದಿಯಲ್ಲಿ ಮುಖ್ಯವಾಗಿ ನಾಲ್ಕು ಅಂಶಗಳನ್ನು ನೋಡತಕ್ಕದ್ದು.

ಮೊದಲನೆಯದು, ಪಿ.ಟಿ.ಒ. ಶಕ್ತಿ. ಜಾಹೀರಾತಿನಲ್ಲಿ ಕಾಣಿಸುವುದು ಎಂಜಿನಿನ ಶಕ್ತಿ. ಗೇರುಗಳನ್ನು ದಾಟಿ ರೋಟವೇಟರಿಗೆ ತಲಪುವ ಶಕ್ತಿಯು ಅದಕ್ಕಿಂತ ಕಡಿಮೆ. ಗದ್ದೆಯನ್ನು ಉಳುವುದು ಈ ಎರಡನೆಯ ಶಕ್ತಿಯೇ. ಎರಡನೆಯದು, ಇಷ್ಟು ಶಕ್ತಿಗೆ ಇಷ್ಟು ಡೀಸಲು ಎಂಬ ಲೆಕ್ಕ. ಇದು ಕಡಿಮೆಯಿದ್ದಷ್ಟೂ ಲಾಭ. ಮೂರನೆಯದು, ಹೈಡ್ರಾಲಿಕ್ ಎತ್ತುವ ಸಾಮರ್ಥ್ಯ. ನಾಲ್ಕನೆಯದು, ಕೆಸರುಗದ್ದೆಯಲ್ಲಿ ಕೆಲಸ ಮಾಡಿಸಿದ ನಂತರ ಅಚ್ಚು, ಬ್ರೇಕು ಮೊದಲಾದವುಗಳೊಳಕ್ಕೆ ನೀರು, ಕೆಸರು ಹೊಕ್ಕಿತ್ತೇ ಎಂಬ ದಾಖಲೆ. ಕರಾವಳಿಯವನಿಗೆ ಇದು ಎಲ್ಲಕ್ಕಿಂತ ಮುಖ್ಯವೆನ್ನಬೇಕು. ಹಿನ್ನೀರಿನ ಅಂಚಿನ ಗದ್ದೆಗಳಲ್ಲಿ ಉಪ್ಪುನೀರಿನ ಸೋಂಕು ಇರುವುದರಿಂದ ಕಬ್ಬಿಣವು ಬೇಗ ತುಕ್ಕುಹಿಡಿಯುತ್ತದೆ. ಅಂತಹ ಕಡೆ ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಉತ್ತಮ. ಪ್ರತಿದಿನ ಕೆಲಸ ಮುಗಿದ ಮೇಲೆ ಸಿಹಿನೀರಿನಿಂದ ಯಂತ್ರವನ್ನು ತೊಳೆಯುವುದು ಕಡ್ಡಾಯ.

ರೋಟವೇಟರಿನ ಅಗಲವು ಹಿಂದಿನ ಚಕ್ರಗಳ ಜಾಡನ್ನು ಪೂರ್ಣವಾಗಿ ಮುಚ್ಚುವಂತಿರಬೇಕು. ಇಲ್ಲವಾದರೆ ಚಕ್ರವು ತುಳಿದ ಪಟ್ಟೆಯು ಉಳದೆ ಉಳಿಯುತ್ತದೆ. ಕೇಜ್ ವೀಲ್ ಎಂಬ ಕಬ್ಬಿಣದ ಚಕ್ರವು ಆ ಯಂತ್ರಕ್ಕೆ ದೊರೆಯುತ್ತದೆಯೇ, ಬೆಲೆಯಲ್ಲಿ ಸೇರಿದೆಯೇ ಎಂದು ವಿಚಾರಿಸಬೇಕು. ಇಷ್ಟೆಲ್ಲ ಆದ ಮೇಲೂ ಯಂತ್ರವನ್ನು ತನ್ನ ಗದ್ದೆಯ ಕೆಸರಿನಲ್ಲಿ, ರೋಟವೇಟರನ್ನು ಕಟ್ಟಿ, ಕನಿಷ್ಠಪಕ್ಷ ಒಂದು ಗಂಟೆ ಓಡಿಸಿ ನೋಡದೆ ಮುಂಗಡವನ್ನು ಕೊಡಬಾರದು. ಅಂಗಡಿಯ ಮುಂದಿನ ಡಾಮರು ರಸ್ತೆಯಲ್ಲಿ ಓಡಿಸಿ ತೋರಿಸುವುದು ಪರೀಕ್ಷೆಯೆನಿಸದು.

ಬೆಲೆಯ ನಿಜವಾದ ಲೆಕ್ಕ

ಬೆಲೆಯೆಂದರೆ ಪಟ್ಟಿಯಲ್ಲಿ ಬರೆದ ಮೊತ್ತ ಮಾತ್ರವಲ್ಲ. ನೋಂದಣಿ, ವಿಮೆ, ರೋಟವೇಟರು, ಕೇಜ್ ವೀಲ್ ಇವೆಲ್ಲ ಕೂಡಿ ಮನೆಯಂಗಳಕ್ಕೆ ಬರುವ ಹೊತ್ತಿಗೆ ಎಷ್ಟಾಗುವುದೆಂಬುದನ್ನು ಬರೆಸಿಕೊಳ್ಳಬೇಕು. ಟ್ರಾಕ್ಟರಿನ ಮೇಲಿನ ಜಿ.ಎಸ್.ಟಿ.ಯು 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ. ತೋರಿಸಿದ ಬೆಲೆಪಟ್ಟಿಯು ಅದಕ್ಕೆ ಹಿಂದಿನದಾಗಿದ್ದರೆ ಅದನ್ನು ಒಪ್ಪಬಾರದು. ಸಹಾಯಧನದ ವಿಷಯದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ. ಕೊಂಡ ಮೇಲೆ ಅರ್ಜಿ ಹಾಕಿದವನು ನಿರಾಶನಾಗಬಹುದು.

ಉದಾಹರಣೆಗಾಗಿ, ಒಂದು ಯಂತ್ರವು ಸಾಮಾನು ಸಹಿತ 5,00,000 ರೂಪಾಯಿಗೆ ಬಂದಿತೆಂದು ಭಾವಿಸೋಣ. ಹತ್ತು ವರ್ಷ ಬಳಸಿ 50,000ಕ್ಕೆ ಮಾರಿದರೆ ವರ್ಷಕ್ಕೆ ಸವಕಳಿ 45,000. ಸರಾಸರಿ ಬಂಡವಾಳಕ್ಕೆ ಶೇಕಡ 10ರಂತೆ ಬಡ್ಡಿ 27,500. ವಿಮೆ, ಕೊಟ್ಟಿಗೆ ಮುಂತಾದವುಗಳಿಗೆ 10,000. ಒಟ್ಟು ವರ್ಷಕ್ಕೆ 82,500 ರೂಪಾಯಿ. ಯಂತ್ರವು ಓಡಲಿ, ನಿಂತಿರಲಿ, ಈ ಖರ್ಚು ತಪ್ಪದು.

ಐದು ಎಕರೆ ಗದ್ದೆಯುಳ್ಳವನು ಎಕರೆಗೆ 4 ಗಂಟೆಯಂತೆ ಎರಡು ಬೆಳೆಗೆ ದುಡಿಸುವುದು 40 ಗಂಟೆ. ಆಗ ಗಂಟೆಯೊಂದಕ್ಕೆ, ಡೀಸಲನ್ನು ಹಾಕುವುದಕ್ಕೆ ಮುಂಚೆಯೇ, 2,000 ರೂಪಾಯಿಗಿಂತ ಹೆಚ್ಚು ಬೀಳುತ್ತದೆ. ಅದೇ ಯಂತ್ರವನ್ನು ನೆರೆಯ ಕೆಲವು ಮನೆಗಳವರು ಕೂಡಿ ಕೊಂಡು 30 ಎಕರೆಯಲ್ಲಿ ದುಡಿಸಿದರೆ 240 ಗಂಟೆಯಾಗಿ, ಗಂಟೆಗೆ ಸುಮಾರು 344 ರೂಪಾಯಿಗೆ ಇಳಿಯುತ್ತದೆ. ಈ ಲೆಕ್ಕವನ್ನು ಹಾಕಿದವನಿಗೆ ಹೆಸರುಗಳ ನಡುವಣ ಬೆಲೆಯ ಅಂತರಕ್ಕಿಂತ ದುಡಿಮೆಯ ಗಂಟೆಗಳ ಅಂತರವೇ ದೊಡ್ಡದೆಂಬುದು ಮನದಟ್ಟಾಗುತ್ತದೆ.

ಬಿಡಿಭಾಗ ಮತ್ತು ಕಾರ್ತಿಯ ದಿನಗಳು

ಇನ್ನೊಂದು ಯಂತ್ರವು 75,000 ರೂಪಾಯಿ ಅಗ್ಗವಾಗಿ, ಅಂದರೆ 4,25,000ಕ್ಕೆ ದೊರೆಯುತ್ತದೆ ಎಂದಿಟ್ಟುಕೊಳ್ಳೋಣ. ಮೇಲಿನ ಕ್ರಮದಲ್ಲಿ ಅದರಿಂದ ವರ್ಷಕ್ಕೆ ಉಳಿಯುವುದು 12,375 ರೂಪಾಯಿ. ಆದರೆ ಅದರ ಒಂದು ಸೀಲು ಕೆಟ್ಟು, ಬಿಡಿಭಾಗವು ದೂರದ ಊರಿನಿಂದ ಬರುವ ತನಕ ಮೂರು ದಿನ ನಿಂತಿತೆನ್ನಿ. ದಿನಕ್ಕೆ 6 ಗಂಟೆಯಂತೆ 18 ಗಂಟೆ ಬಾಡಿಗೆಯ ಯಂತ್ರವನ್ನು ತರಬೇಕು. ತನ್ನ ಡೀಸಲು, ಚಾಲಕನ ಖರ್ಚನ್ನು ಕಳೆದು ಗಂಟೆಗೆ 700 ರೂಪಾಯಿ ಹೆಚ್ಚು ತೆತ್ತರೂ 12,600 ರೂಪಾಯಿ. ಇಡೀ ವರ್ಷದ ಉಳಿತಾಯವು ಮೂರೇ ದಿನಗಳಲ್ಲಿ ತೀರಿಹೋಯಿತು.

ಅದೂ ಬಾಡಿಗೆಯ ಯಂತ್ರವು ದೊರೆತರೆ. ಕಾರ್ತಿ ಬೆಳೆಯ ಕಾಲದಲ್ಲಿ ಎಲ್ಲರಿಗೂ ಏಕಕಾಲದಲ್ಲಿ ಯಂತ್ರವು ಬೇಕಾಗುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಅಗೆಯು ಯಾರಿಗಾಗಿಯೂ ಕಾಯುವುದಿಲ್ಲ. ವಯಸ್ಸು ಮೀರಿದ ಅಗೆಯನ್ನು ನೆಟ್ಟರೆ ಕವಲು ಕಡಿಮೆಯಾಗಿ ಇಳುವರಿಯು ಕುಗ್ಗುತ್ತದೆ. ಬೆಟ್ಟುಗದ್ದೆಯಲ್ಲಂತೂ ನಿಂತ ನೀರು ಇಂಗುವುದರೊಳಗೆ ಉಳುಮೆಯು ಮುಗಿಯಬೇಕು. ಆದುದರಿಂದ ಕೊಳ್ಳುವವನು ಕೇಳಬೇಕಾದ ಮೊದಲನೆಯ ಪ್ರಶ್ನೆ, ಈ ಯಂತ್ರಕ್ಕೆ ಕುಂದಾಪುರದಲ್ಲಿಯೋ ಉಡುಪಿಯಲ್ಲಿಯೋ ಬಿಡಿಭಾಗವೂ ಬಲ್ಲ ಮೆಕಾನಿಕನೂ ಉಂಟೇ ಎಂಬುದು. ಅದನ್ನು ಮಾರಾಟಗಾರನಿಂದಲ್ಲ, ಅದೇ ಯಂತ್ರವನ್ನು ಮೂರು ಮಳೆಗಾಲ ಬಳಸಿದ ರೈತನಿಂದ ತಿಳಿಯತಕ್ಕದ್ದು.

ಗ್ರಾಮದ ಮುಖಂಡರ ಕರ್ತವ್ಯ

ಒಬ್ಬೊಬ್ಬರೂ ಒಂದೊಂದು ಯಂತ್ರವನ್ನು ಕೊಂಡು ವರ್ಷದ ಬಹುಭಾಗ ಕೊಟ್ಟಿಗೆಯಲ್ಲಿ ನಿಲ್ಲಿಸುವುದು ಗ್ರಾಮದ ಹಣಕ್ಕೆ ನಷ್ಟ. ಬಾಡಿಗೆಗೆ ಯಂತ್ರ ಒದಗಿಸುವ ಕೃಷಿ ಯಂತ್ರಧಾರೆಯೆಂಬ ಯೋಜನೆಯನ್ನು ರಾಜ್ಯ ಸರಕಾರವು 2014-15ರಲ್ಲಿ ಆರಂಭಿಸಿದುದು ಈ ಕೊರತೆಯ ನಿವಾರಣೆಗಾಗಿಯೇ. ಅದು ಸಾಲದಿದ್ದ ಕಡೆ ಐದಾರು ಮನೆಗಳವರು ಕೂಡಿಯೋ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮುಖಾಂತರವೋ ಕೊಳ್ಳಬಹುದು. ಕೂಡಿ ಕೊಂಡ ಯಂತ್ರದಿಂದ ಕಲಹವು ಹುಟ್ಟುವುದು ಸರದಿಯ ವಿಷಯದಲ್ಲಿ. ಬೆಟ್ಟು ಮೊದಲು, ಬೈಲು ಆಮೇಲೆ, ಒಂದೇ ಬಗೆಯ ಗದ್ದೆಯವರಲ್ಲಿ ಚೀಟಿ ಎತ್ತಿ ಸರದಿ, ರಿಪೇರಿಗೆ ಗಂಟೆಯ ಲೆಕ್ಕದಲ್ಲಿ ನಿಧಿ, ಚಾಲಕನು ಒಬ್ಬನೇ. ಈ ನಾಲ್ಕು ಮಾತುಗಳನ್ನು ಮುಂಗಡ ಕೊಡುವುದಕ್ಕೆ ಮುಂಚೆಯೇ ಬರೆದು ಸಹಿ ಮಾಡಿಸುವುದು ಮುಖಂಡರಿಗೆ ಸೇರಿದ ಕೆಲಸ. ಯಂತ್ರದ ಆಯ್ಕೆಯಲ್ಲಿ ಸಂದೇಹವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಹೆಸರು, ಬೆಲೆ, ಗುಣ ಎಂಬ ಮೂರರಲ್ಲಿ ಹೆಸರನ್ನು ನೆರೆಯ ರೈತನ ಅನುಭವದಿಂದಲೂ, ಗುಣವನ್ನು ಪರೀಕ್ಷೆಯ ವರದಿಯಿಂದಲೂ ತನ್ನ ಗದ್ದೆಯ ಕೆಸರಿನಿಂದಲೂ, ಬೆಲೆಯನ್ನು ದುಡಿಮೆಯ ಗಂಟೆಗಳಿಂದಲೂ ಅಳೆಯತಕ್ಕದ್ದು. ಈ ವಿಚಾರಣೆಗೆ ತಕ್ಕ ಕಾಲವು ಸುಗ್ಗಿಯ ಕೆಲಸ ಮುಗಿದ ಮೇಲಿನ ಬೇಸಗೆ. ಮಳೆ ಹಿಡಿದ ಮೇಲೆ ಅವಸರದಿಂದ ಕೊಳ್ಳಲು ಹೊರಟವನಿಗೆ ಆರಿಸುವ ಅವಕಾಶವಿರುವುದಿಲ್ಲ. ಅಂಗಡಿಯಲ್ಲಿ ಉಳಿದಿರುವುದನ್ನೇ ಅವನು ಮನೆಗೆ ತರಬೇಕಾಗುತ್ತದೆ.