ಉಪಸೃಷ್ಟಿಯ ಪರಿಕಲ್ಪನೆ: ಟೋಲ್ಕಿನ್–ಲೂಯಿಸ್ ಸಂವಾದ

ಪುರಾಣಗಳು ಎಷ್ಟೇ ಸುಂದರವಾಗಿದ್ದರೂ ಸುಳ್ಳಲ್ಲವೇ? 1931ರ ಸೆಪ್ಟೆಂಬರ್ 19ರ ರಾತ್ರಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಆವರಣದಲ್ಲಿ ಸಿ. ಎಸ್. ಲೂಯಿಸ್ ಮತ್ತು ಜೆ. ಆರ್. ಆರ್. ಟೋಲ್ಕಿನ್ ನಡೆಸಿದ ಚರ್ಚೆಯ ತಿರುಳು ಇದೇ ಆಗಿತ್ತು. ಹ್ಯೂಗೊ ಡೈಸನ್ ಜೊತೆಗಿದ್ದರು. ಈ ಮಾತುಕತೆ ಲೂಯಿಸ್‌ರನ್ನು ಕ್ರೈಸ್ತ ಶ್ರದ್ಧೆಗೆ ಮರಳಿಸಿತೆಂಬುದನ್ನು ಜೀವನಚರಿತ್ರಕಾರರು ಒತ್ತಿ ಹೇಳುತ್ತಾರೆ. ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಮುಖ್ಯವಾಗುವುದು ಬೇರೆಯೇ. ದೇವರಿಂದ ಸೃಷ್ಟನಾದ ಮನುಷ್ಯನು ತಾನೂ ಸೃಷ್ಟಿಸಬಲ್ಲನು, ಆದುದರಿಂದ ಅವನ ಕಲ್ಪನೆಯಲ್ಲಿ ಸತ್ಯದ ಅಂಶ ಉಳಿದೇ ಇರುತ್ತದೆ ಎಂಬುದು ಟೋಲ್ಕಿನ್ನರ ವಾದ. ಇದನ್ನು ಅವರು ‘ಮಿಥೊಪೀಯ’ ಎಂಬ ಕವಿತೆಯಾಗಿಸಿದರು. 1939ರಲ್ಲಿ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ‘ಉಪಸೃಷ್ಟಿ’ಯ ಪರಿಕಲ್ಪನೆಯಾಗಿ ಬೆಳೆಸಿದರು. ಕವಿಯನ್ನು ಪ್ರಜಾಪತಿಯೆಂದ ಆನಂದವರ್ಧನನು ಇಲ್ಲಿ ನೆನಪಾಗುವುದು ಸಹಜ. ಆದರೆ ಈ ಸಾಮ್ಯವನ್ನು ಬಹುದೂರ ಎಳೆಯಲಾಗದು: ಆನಂದವರ್ಧನನ ಕವಿ ತನ್ನ ಲೋಕದಲ್ಲಿ ಸ್ವತಂತ್ರ, ಟೋಲ್ಕಿನ್ನರ ಕವಿ ಮೂಲ ಸೃಷ್ಟಿಕರ್ತನಿಗೆ ಅಧೀನ.

ಕಲ್ಪಿತ ಲೋಕಕ್ಕೆ ತನ್ನದೇ ಆಂತರಿಕ ಸುಸಂಗತಿ ಇರಬೇಕೆಂಬುದು ಈ ವಾದದಿಂದಲೇ ಹೊರಡುವ ಬೇಡಿಕೆ. ಟೋಲ್ಕಿನ್ ಮೊದಲು ಭಾಷೆಗಳನ್ನು ಕಟ್ಟಿ, ಅವುಗಳನ್ನು ಆಡುವವರಿಗೆ ಚರಿತ್ರೆಯನ್ನು ಒದಗಿಸಿದರು. ಲೂಯಿಸ್ ಹೊರಟಿದ್ದು ಚಿತ್ರಗಳಿಂದ: ಹಿಮದ ಕಾಡಿನಲ್ಲಿ ಕೊಡೆ ಹಿಡಿದು ಪೊಟ್ಟಣ ಹೊತ್ತ ಫಾನ್ ಅವರಿಗೆ ಹದಿನಾರರ ವಯಸ್ಸಿನಿಂದಲೂ ಕಾಣುತ್ತಿತ್ತು. 1950ರಲ್ಲಿ ಪ್ರಕಟಣೆ ಆರಂಭವಾದ ನಾರ್ನಿಯಾ ಕಥೆಗಳು ಟೋಲ್ಕಿನ್ನರಿಗೆ ಹಿಡಿಸಲಿಲ್ಲ. ರೋಮನ್ ಪುರಾಣದ ಫಾನ್ ಇರುವ ಲೋಕಕ್ಕೇ ಕ್ರಿಸ್‌ಮಸ್ ತಾತನೂ ಬರುವುದು ಅವರಿಗೆ ಹೇಗೆ ಒಗ್ಗೀತು?

ಆದರೂ 1954–55ರಲ್ಲಿ ಹೊರಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪೂರ್ಣಗೊಂಡದ್ದು ಲೂಯಿಸ್‌ರ ಒತ್ತಾಸೆಯಿಂದ. ತಾನು ಅವರಿಂದ ಪಡೆದದ್ದು ಪ್ರಭಾವವಲ್ಲ, ಪ್ರೋತ್ಸಾಹ ಎಂದು ಟೋಲ್ಕಿನ್ ಮುಂದೆ ಪತ್ರವೊಂದರಲ್ಲಿ ಸ್ಪಷ್ಟಪಡಿಸಿದ್ದಾರೆ.