ಇನ್ನೊಂದು ವ್ಯವಸ್ಥೆಯ ಡಿಸ್ಕನ್ನು ಓದುವ ಬಗೆ: ಗಡಿಸೀಮೆಯ ಕನ್ನಡ–ಮರಾಠಿ ಕಡತಗಳನ್ನು ಕುರಿತು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಕನ್ನಡವನ್ನು ಅಭ್ಯಾಸ ಮಾಡುವವರಿಗೆ ಎರಡು ಬಗೆಯ ಆಕರಗಳಿವೆ. ಮೊದಲನೆಯದು ಕಲ್ಲಿನ ಮೇಲಿನ ಬರಹ: ಕೊಲ್ಹಾಪುರದ ಶಿಲಾಹಾರರ ಕನ್ನಡ ಶಾಸನಗಳು, ಮಹಾಲಕ್ಷ್ಮೀ ದೇವಾಲಯದ ಲಿಪಿಗಳು, ಖಿದ್ರಾಪುರದ ದೇವಾಲಯದ ಶಾಸನಗಳು. ಎರಡನೆಯದು ಈಚಿನದು: ಶಾಸನಪಾಠ, ಸ್ಥಳನಾಮಗಳ ಪಟ್ಟಿ, ಹಂತಿಪದ–ಬೀಸುವಪದಗಳ ಸಂಗ್ರಹ, ಕನ್ನಡ–ಮರಾಠಿ ಪದಕೋಶ, ಸಂಶೋಧನ ಪ್ರಬಂಧ ಇತ್ಯಾದಿ. ಇವು 1990ರ ದಶಕದ ಕೊನೆಯಿಂದೀಚೆಗೆ ಮನೆ, ಕಾಲೇಜು ಮತ್ತು ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳಲ್ಲಿ ಬೆರಳಚ್ಚಾದವು. ಎಂಟುನೂರು ವರ್ಷಗಳ ಹಿಂದಿನ ಕಲ್ಲನ್ನು ಇಂದಿಗೂ ಓದಬಹುದಾಗಿದೆ. ಇಪ್ಪತ್ತು ವರ್ಷಗಳ ಹಿಂದಿನ ಕಡತವನ್ನು ಓದುವುದು ಮಾತ್ರ ಕಷ್ಟವಾಗುತ್ತಿದೆ.

ಇದರ ಕಾರಣ ಸರಳವಾದುದು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಯಂತ್ರಾಂಶ ಹಳೆಯ ಕಂಪ್ಯೂಟರುಗಳಲ್ಲಿ ಇಲ್ಲ. ಹೀಗಾಗಿ ಅವುಗಳಲ್ಲಿ ಲಿನಕ್ಸ್ ಸ್ಥಾಪಿಸುವುದು ಸಹಜವಾದ ದಾರಿ. ಆದರೆ ಹೊಸ ವ್ಯವಸ್ಥೆ ಬಂದೊಡನೆ ಹಳೆಯ ವಿಂಡೋಸ್ ಭಾಗದಲ್ಲಿದ್ದ ಕಡತಗಳ ಗತಿಯೇನು? ಅವನ್ನು ಲಿನಕ್ಸಿನಿಂದಲೇ ಓದಬಹುದೆಂಬುದು ಸಂತೋಷದ ಸಂಗತಿ. ಹಾಗೆ ಓದುವಾಗ ಡಿಸ್ಕಿನ ವಿಭಾಗ, ಕಡತ ವ್ಯವಸ್ಥೆ, ಅಕ್ಷರ ಸಂಕೇತ ಎಂಬ ಮೂರು ಪದರಗಳನ್ನು ದಾಟಬೇಕಾಗುತ್ತದೆ. ಪ್ರತಿಯೊಂದು ಪದರದಲ್ಲಿಯೂ ಕನ್ನಡವನ್ನು ಕಳೆದುಕೊಳ್ಳುವ ಸಾಧ್ಯತೆಯುಂಟು. ಆ ಮೂರನ್ನು ಪ್ರತ್ಯೇಕಿಸಿ ವಿವರಿಸುವುದು ಈ ಲೇಖನದ ಉದ್ದೇಶ.

1. ವಿಭಾಗ ಮತ್ತು ಜೋಡಣೆ

ಡಿಸ್ಕಿನ ವಿಭಾಗವೆಂಬುದು ಭೌತಿಕವಾದ ಗೋಡೆಯಲ್ಲ. ಪಟ್ಟಿಯಲ್ಲಿ ಬರೆದ ಗಡಿ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ತಲಾ 16 ಬೈಟುಗಳ ನಾಲ್ಕು ನಮೂದುಗಳಿರುತ್ತವೆ. ಯಾವ ವಿಭಾಗ ಎಲ್ಲಿ ಆರಂಭವಾಗುತ್ತದೆ, ಎಷ್ಟು ದೂರ ಹಬ್ಬಿದೆ ಎಂಬುದನ್ನು ಅವು ಹೇಳುತ್ತವೆ. ಈಚಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಸ್ಥಳವಿದೆ. ಈ ಪಟ್ಟಿ ಯಾವುದೇ ಒಂದು ಕಾರ್ಯಾಚರಣಾ ವ್ಯವಸ್ಥೆಯ ಸ್ವತ್ತಲ್ಲ; ವಿಂಡೋಸ್ ಬರೆದುದನ್ನು ಲಿನಕ್ಸ್ ಓದುತ್ತದೆ.

ವಿಂಡೋಸ್ ತನ್ನ ವಿಭಾಗಗಳನ್ನು ಸಿ, ಡಿ ಎಂಬ ಅಕ್ಷರಗಳಿಂದ ಕರೆದು ಪ್ರತಿಯೊಂದನ್ನೂ ಬೇರೆ ಮನೆಯಂತೆ ತೋರಿಸುತ್ತದೆ. ಯೂನಿಕ್ಸ್ ಸಂಪ್ರದಾಯದಲ್ಲಿ ಇರುವುದು ಒಂದೇ ಮರ, ಒಂದೇ ಬೇರು. ಹೊರಗಿನ ವಿಭಾಗವನ್ನು ಆ ಮರದ ಯಾವುದಾದರೂ ಖಾಲಿ ಫೋಲ್ಡರಿಗೆ ಕಸಿ ಕಟ್ಟುವುದಕ್ಕೆ ಮೌಂಟ್ ಎಂದು ಹೆಸರು. ಕಟ್ಟಿದ ಮೇಲೆ ಗಡಹಿಂಗ್ಲಜದ ಹಳೆಯ ಕಂಪ್ಯೂಟರಿನ ಡಿ ಡ್ರೈವ್ ಕೇವಲ ಒಂದು ಫೋಲ್ಡರಾಗಿ ಕಾಣುತ್ತದೆ. ಕಸಿ ಬಿಚ್ಚುವ ಅನ್‌ಮೌಂಟ್ ಆದ ಬಳಿಕವೇ ಡಿಸ್ಕನ್ನು ಹೊರತೆಗೆಯಬೇಕು.

ಕಟ್ಟುವ ಮುನ್ನ ಯಾವುದು ಯಾವ ವಿಭಾಗವೆಂದು ಗುರುತಿಸಬೇಕು. ಎಲ್‌ಎಸ್‌ಬಿಎಲ್‌ಕೆ ಎಂಬ ಆದೇಶಕ್ಕೆ ಎಫ್ ಆಯ್ಕೆಯನ್ನು ಸೇರಿಸಿದರೆ ಪ್ರತಿ ವಿಭಾಗದ ಕಡತ ವ್ಯವಸ್ಥೆ, ಇಟ್ಟ ಹೆಸರು ಮತ್ತು ಗುರುತು ಸಂಖ್ಯೆಯಾದ ಯುಯುಐಡಿ ಮೂರೂ ತೆರೆಯ ಮೇಲೆ ಬರುತ್ತವೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಬಾರದು. ಇನ್ನೊಂದು ಡಿಸ್ಕ್ ಸೇರಿಸಿದಾಗ ಅವು ಅದಲುಬದಲಾಗಬಹುದು. ಯುಯುಐಡಿ ಹಾಗಲ್ಲ. ಪ್ರತಿಬಾರಿ ಕಂಪ್ಯೂಟರ್ ಆರಂಭವಾದಾಗ ವಿಭಾಗವು ತಾನಾಗಿಯೇ ಜೋಡಣೆಯಾಗಬೇಕಾದರೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಈ ಗುರುತು ಸಂಖ್ಯೆಯನ್ನೇ ಬರೆಯಬೇಕು. ಜೊತೆಗೆ ನೋಫೇಲ್ ಎಂಬ ಆಯ್ಕೆಯನ್ನು ಸೇರಿಸಿದರೆ ಆ ಡಿಸ್ಕ್ ಇಲ್ಲದ ದಿನವೂ ಕಂಪ್ಯೂಟರ್ ಅರ್ಧದಲ್ಲಿ ನಿಲ್ಲದೆ ಆರಂಭವಾಗುತ್ತದೆ.

2. ಓದುಮಾತ್ರ ಎಂಬ ಶಿಸ್ತು

ಶಾಸನತಜ್ಞನು ಕಲ್ಲಿನ ಮೇಲೆ ಗುರುತು ಮಾಡಿಕೊಂಡು ಓದುವುದಿಲ್ಲ. ಪಡಿಯಚ್ಚು ತೆಗೆದುಕೊಂಡು, ಅದನ್ನಿಟ್ಟುಕೊಂಡು ಕೆಲಸ ಮಾಡುತ್ತಾನೆ. ಹಳೆಯ ಡಿಸ್ಕಿನ ವಿಷಯದಲ್ಲಿಯೂ ಇದೇ ನಿಯಮ. ಮೌಂಟ್ ಮಾಡುವಾಗ ಆರ್‌ಓ, ಎಂದರೆ ಓದುಮಾತ್ರ, ಎಂಬ ಆಯ್ಕೆಯನ್ನು ಕೊಡಬೇಕು. ಆಗ ಕಡತಗಳನ್ನು ತೆರೆಯಬಹುದು, ನಕಲಿಸಬಹುದು, ಅಳಿಸಲಾಗದು, ತಿದ್ದಲಾಗದು.

ವಿಂಡೋಸ್ ವಿಭಾಗಗಳ ಮಟ್ಟಿಗೆ ಈ ಶಿಸ್ತಿಗೆ ವಿಶೇಷ ಕಾರಣವಿದೆ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಚಾಲ್ತಿಯಲ್ಲಿದ್ದರೆ ಕಂಪ್ಯೂಟರ್ ಆರಿಸಿದಾಗ ವ್ಯವಸ್ಥೆ ಪೂರ್ತಿಯಾಗಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ. ಪುಸ್ತಕವನ್ನು ತೆರೆದಿಟ್ಟು, ಪುಟದ ನೆನಪಿಟ್ಟುಕೊಂಡು ಎದ್ದುಹೋದಂತೆ. ನಡುವೆ ಇನ್ನೊಬ್ಬರು ಬಂದು ಪುಟಗಳನ್ನು ಬದಲಿಸಿದರೆ, ಹಿಂತಿರುಗಿದವನ ನೆನಪಿಗೂ ಪುಸ್ತಕಕ್ಕೂ ತಾಳೆಯಾಗದು. ಆದುದರಿಂದಲೇ ಎನ್‌ಟಿಎಫ್‌ಎಸ್ ವಿಭಾಗಗಳನ್ನು ಓದಿಸುವ ಎನ್‌ಟಿಎಫ್‌ಎಸ್-3ಜಿ ತಂತ್ರಾಂಶವು ಹೀಗೆ ಮಲಗಿದ ವಿಭಾಗದಲ್ಲಿ ಬರೆಯಲು ಒಪ್ಪುವುದಿಲ್ಲ. ಇದನ್ನು ದೋಷವೆಂದು ಭಾವಿಸಿ ಬಲವಂತದ ಆಯ್ಕೆಗಳನ್ನು ಪ್ರಯೋಗಿಸಬಾರದು. ವಿಂಡೋಸ್ ಇನ್ನೂ ಏಳುವುದಾದರೆ ಅದನ್ನು ಎಬ್ಬಿಸಿ ಪೂರ್ತಿಯಾಗಿ ಮುಚ್ಚಬೇಕು. ಏಳದಿದ್ದರೆ ಓದುಮಾತ್ರ ಜೋಡಣೆಯಿಂದ ತೃಪ್ತರಾಗಬೇಕು. 2021ರಲ್ಲಿ ಬಂದ ಲಿನಕ್ಸ್ ಕರ್ನಲ್ 5.15ರಿಂದ ಎನ್‌ಟಿಎಫ್‌ಎಸ್3 ಎಂಬ ಇನ್ನೊಂದು ಚಾಲಕವೂ ಕರ್ನಲ್ಲಿನೊಳಗೇ ಇದೆ. ಓದುಮಾತ್ರದ ನಿಯಮ ಅದಕ್ಕೂ ಅನ್ವಯಿಸುತ್ತದೆ.

ಡಿಸ್ಕ್ ಕಟಕಟನೆ ಸದ್ದು ಮಾಡುತ್ತಿದ್ದರೆ ಅಥವಾ ಓದುವಾಗ ತಡೆತಡೆದು ನಿಲ್ಲುತ್ತಿದ್ದರೆ, ಜೋಡಿಸಿ ಕಡತಗಳನ್ನು ಹುಡುಕುವುದೂ ಅಪಾಯವೇ. ಆಗ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಡಿಸ್ಕಿನಲ್ಲಿ ಒಂದು ಕಡತವಾಗಿ ತೆಗೆಯಬೇಕು. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ತೆಗೆದು, ಹಾಳಾದ ಭಾಗಗಳಿಗೆ ಆಮೇಲೆ ಮರಳುತ್ತದೆ. ಆ ಪಡಿಯಚ್ಚಿನೊಳಗಿನ ವಿಭಾಗವನ್ನೂ ನಿಜವಾದ ಡಿಸ್ಕಿನಂತೆಯೇ ಮೌಂಟ್ ಮಾಡಬಹುದು. ಆರಂಭದ ಸ್ಥಾನ ಎಷ್ಟನೆಯ ಬೈಟಿನಲ್ಲಿದೆಯೆಂದು ತಿಳಿಸಿದರಾಯಿತು: ವಿಭಾಗವು 2048ನೆಯ ಸೆಕ್ಟರಿನಲ್ಲಿ ಆರಂಭವಾದರೆ, ಸೆಕ್ಟರಿಗೆ 512 ಬೈಟುಗಳಂತೆ 10,48,576.

ಬಿಟ್‌ಲಾಕರ್ ಗೂಢಲಿಪೀಕರಣವಿರುವ ಹೊಸ ಕಂಪ್ಯೂಟರುಗಳ ಮಾತು ಬೇರೆ. ಅವುಗಳ ವಿಭಾಗವನ್ನೂ ಲಿನಕ್ಸಿನಿಂದ ತೆರೆಯಬಹುದು. ಆದರೆ ಅದಕ್ಕೆ ಗುಪ್ತಪದ ಅಥವಾ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕು. ಸಂಗ್ರಾಹಕರು ಬದುಕಿರುವಾಗಲೇ ಆ ಕೀಲಿಯನ್ನು ಕೇಳಿ ಬರೆದಿಟ್ಟುಕೊಳ್ಳುವುದು ವಿವೇಕ.

3. ಕಡತದ ಹೆಸರಿನಲ್ಲಿರುವ ಕನ್ನಡ

ವಿಭಾಗ ತೆರೆಯಿತು, ಕಡತಗಳು ಕಂಡವು ಎಂದುಕೊಂಡ ಮೇಲೂ ಹೆಸರುಗಳ ತೊಡಕು ಉಳಿದಿರುತ್ತದೆ. ಹಳೆಯ ಪೆನ್‌ಡ್ರೈವ್ ಮತ್ತು ಸಣ್ಣ ಡಿಸ್ಕುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ವ್ಯವಸ್ಥೆಯ ವಿಭಾಗವನ್ನು ಆದೇಶ ಕೊಟ್ಟು ಜೋಡಿಸುವಾಗ ಯುಟಿಎಫ್-8 ಆಯ್ಕೆಯನ್ನು ನಮೂದಿಸದಿದ್ದರೆ ಕನ್ನಡ ಮತ್ತು ದೇವನಾಗರಿ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ತೋರಬಹುದು. ಕಡತ ಕೆಟ್ಟಿಲ್ಲ; ಹೆಸರನ್ನು ಓದುವ ಕನ್ನಡಕ ತಪ್ಪಾಗಿದೆ ಅಷ್ಟೆ. ಬಿಚ್ಚಿ, ಸರಿಯಾದ ಆಯ್ಕೆಯೊಡನೆ ಮತ್ತೆ ಜೋಡಿಸಬೇಕು.

ಎರಡನೆಯ ತೊಡಕು ಉದ್ದದ್ದು. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಸಂಕೇತಗಳ ಅವಕಾಶವಿದೆ. ಲಿನಕ್ಸಿನ ಎಕ್ಸ್‌ಟಿ4 ವ್ಯವಸ್ಥೆಯಲ್ಲಿಯೂ 255ರ ಮಿತಿಯೇ. ಆದರೆ ಅಲ್ಲಿ ಎಣಿಸುವುದು ಬೈಟುಗಳನ್ನು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡ ಮತ್ತು ದೇವನಾಗರಿಯ ಪ್ರತಿ ಸಂಕೇತಕ್ಕೆ ಮೂರು. 'ಕೊಲ್ಹಾಪುರ' ಎಂಬ ಪದದಲ್ಲಿ ಸ್ವರಚಿಹ್ನೆ, ಹಲಂತಗಳನ್ನು ಕೂಡಿಸಿ 9 ಸಂಕೇತಗಳು, ಎಂದರೆ 27 ಬೈಟುಗಳು. ಹೀಗಾಗಿ ಕನ್ನಡದ ಹೆಸರಿಗೆ ದಕ್ಕುವುದು 85 ಸಂಕೇತಗಳಷ್ಟೆ. ಪ್ರಬಂಧದ ಪೂರ್ಣ ಶೀರ್ಷಿಕೆಯನ್ನೇ ಕಡತದ ಹೆಸರಾಗಿಡುವ ನಮ್ಮ ರೂಢಿಯಲ್ಲಿ ಈ ಮಿತಿಯನ್ನು ಮೀರುವುದು ಕಷ್ಟವೇನಲ್ಲ. ಅಂತಹ ಕಡತ ನಕಲಾಗದೆ ಹಿಂದೆ ಉಳಿಯುತ್ತದೆ. ಸಾವಿರಾರು ಕಡತಗಳ ನಡುವೆ ಅದರ ಗೈರುಹಾಜರಿ ಯಾರ ಗಮನಕ್ಕೂ ಬಾರದಿರಬಹುದು.

ಮೂರನೆಯದು ಇನ್ನೂ ಸೂಕ್ಷ್ಮ. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಆಪಲ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಟ್ಟ ರೂಪದಲ್ಲಿಯೇ ಉಳಿಸುತ್ತದೆ. ಅಲ್ಲಿ 'ಕೊಲ್ಹಾಪುರ'ಕ್ಕೆ 9ರ ಬದಲು 10 ಸಂಕೇತಗಳು. ಆ ದಾರಿಯಿಂದ ಬಂದ ಹೆಸರೂ ವಿಂಡೋಸಿನಿಂದ ಬಂದ ಹೆಸರೂ ಕಣ್ಣಿಗೆ ಒಂದೇ ಆದರೂ ಲಿನಕ್ಸಿಗೆ ಅವು ಬೇರೆಬೇರೆ ಕಡತಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು.

4. ಕಡತದ ಒಳಗಿನ ಎರಡು ಭಾಷೆಗಳು

ಮೂರನೆಯ ಪದರವೇ ದ್ವಿಭಾಷಿಕ ಸೀಮೆಗೆ ಅತ್ಯಂತ ಮುಖ್ಯವಾದುದು. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಅಕ್ಷರಶೈಲಿಯೂ ಇತ್ತು. ಆದರೂ ಮುದ್ರಣದ ಲೋಕ ಬಹುಕಾಲ ಹಳೆಯ ಪದ್ಧತಿಯಲ್ಲಿಯೇ ನಡೆಯಿತು, ಏಕೆಂದರೆ ಪೇಜ್‌ಮೇಕರಿನಂತಹ ಪುಟವಿನ್ಯಾಸ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಅರಿಯದು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಪುಣೆಯ ಶ್ರೀಲಿಪಿ, ಇವುಗಳ ಹಳೆಯ ಅಕ್ಷರಶೈಲಿಗಳು 256 ಸಂಕೇತಗಳ ಸೀಮಿತ ಕೋಷ್ಟಕದಲ್ಲಿ ಅಕ್ಷರಗಳ ತುಂಡುಗಳನ್ನು ಇಟ್ಟುಕೊಂಡಿದ್ದವು. ಮರಾಠಿ ಅಕ್ಷರಶೈಲಿಗಳೂ ಅದೇ ಕೋಷ್ಟಕವನ್ನೇ ತಮ್ಮ ರೀತಿಯಲ್ಲಿ ತುಂಬಿಕೊಂಡಿದ್ದವು.

ಇದರ ಪರಿಣಾಮವನ್ನು ಒಂದು ಕನ್ನಡ–ಮರಾಠಿ ಪದಕೋಶದ ಕಡತದಲ್ಲಿ ಕಾಣಬಹುದು. ಗಡಹಿಂಗ್ಲಜ ಸೀಮೆಯ ಕೃಷಿಪದಗಳೋ ಇಚಲಕರಂಜಿಯ ಮಗ್ಗದ ಪದಗಳೋ ಇರುವ ಒಂದು ಪಟ್ಟಿಯನ್ನು ಊಹಿಸಿಕೊಳ್ಳೋಣ: ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ. ಡಿಸ್ಕಿನ ಮೇಲೆ ಎರಡೂ ಅದೇ 256 ಸಂಕೇತಗಳು. ಒಂದೇ ಸಂಖ್ಯೆ ಒಂದೆಡೆ ಕನ್ನಡದ ಒತ್ತಕ್ಷರ, ಇನ್ನೊಂದೆಡೆ ದೇವನಾಗರಿಯ ಮಾತ್ರೆ. ಯಾವುದು ಯಾವ ಭಾಷೆಯೆಂದು ಹೇಳುವ ನಿಶ್ಚಿತ ಗುರುತು ಒಂದೇ: ವರ್ಡ್ ಕಡತದೊಳಗೆ ಪ್ರತಿ ಪದಗುಚ್ಛದ ಜೊತೆ ದಾಖಲಾದ ಅಕ್ಷರಶೈಲಿಯ ಹೆಸರು. ಲಿನಕ್ಸಿನಲ್ಲಿ ತೆರೆದಾಗ ರೋಮನ್ ಅಕ್ಷರಗಳ ಗೊಂದಲ ಕಂಡಿತೆಂದು ಅದನ್ನು ಸರಳ ಪಠ್ಯವಾಗಿ ಉಳಿಸಿಕೊಂಡರೆ ಆ ಗುರುತು ಅಳಿಸಿಹೋಗುತ್ತದೆ. ಬೈಟುಗಳೆಲ್ಲವೂ ಉಳಿದಿರುತ್ತವೆ, ಭಾಷೆಗಳ ನಡುವಣ ಗೆರೆ ಉಳಿಯುವುದಿಲ್ಲ. ಆಮೇಲೆ ಯಾವ ಪರಿವರ್ತಕಕ್ಕೆ ಕೊಟ್ಟರೂ ಅರ್ಧದಷ್ಟು ಪದಗಳು ನಿರರ್ಥಕವಾಗಿ ಹೊರಬರುತ್ತವೆ. ಗಡಿಸೀಮೆಯ ಪದಕೋಶದಲ್ಲಿ ಎರಡೂ ಭಾಷೆಗಳಲ್ಲಿ ಒಂದೇ ರೂಪದ ಪದಗಳು ಹೇರಳವಾಗಿರುವುದರಿಂದ, ಯಾವುದು ಯಾವ ಬದಿಯದೆಂದು ಆಮೇಲೆ ಊಹಿಸುವುದೂ ಸುಲಭವಲ್ಲ.

ಇದಕ್ಕೆ ಪರಿಹಾರವೂ ಅದೇ ಹಳೆಯ ವಿಭಾಗದಲ್ಲಿಯೇ ಇರುತ್ತದೆ. ಕಡತ ಬರೆದ ಅಕ್ಷರಶೈಲಿಗಳು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬ ಉಪಫೋಲ್ಡರಿನಲ್ಲಿ ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತವೆ. ಪರವಾನಗಿ ಅನುಮತಿಸಿದರೆ ಅವನ್ನು ಲಿನಕ್ಸಿನ ಫಾಂಟ್ ಫೋಲ್ಡರಿಗೆ ನಕಲಿಸಿ ಲಿಬ್ರೆಆಫೀಸಿನಲ್ಲಿ ಕಡತವನ್ನು ತೆರೆದರೆ ಪುಟ ಓದಲು ಬರುತ್ತದೆ. ಬರಿಯ 'ಮೈ ಡಾಕ್ಯುಮೆಂಟ್ಸ್' ಫೋಲ್ಡರನ್ನು ಮಾತ್ರ ಉಳಿಸಿಕೊಂಡು ಉಳಿದ ವಿಭಾಗವನ್ನು ಅಳಿಸುವವರು, ಪೆಟ್ಟಿಗೆಯನ್ನು ಇಟ್ಟುಕೊಂಡು ಕೀಲಿಕೈಯನ್ನು ಎಸೆದಂತಾಗುತ್ತದೆ. ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಕಾಗದ ಉಳಿದ ಮಾತ್ರಕ್ಕೆ ಓದು ಉಳಿದಂತಲ್ಲ.

5. ಅನುಸರಿಸಬೇಕಾದ ಕ್ರಮ

ಮೇಲಿನ ವಿವರಣೆಯಿಂದ ಒಂದು ಕ್ರಮ ತಾನಾಗಿಯೇ ಹೊಮ್ಮುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಸ್ಥಾಪಿಸುವ ಮೊದಲು, ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸಿನ ಮೂಲಕ ಇಡೀ ಡಿಸ್ಕಿನ ಪಡಿಯಚ್ಚನ್ನು ತೆಗೆದಿಡಬೇಕು. ಪಡಿಯಚ್ಚನ್ನು ಓದುಮಾತ್ರವಾಗಿ ಜೋಡಿಸಿ ಕಡತಗಳನ್ನು ನಕಲಿಸಬೇಕು. ಮೂಲದ ಮತ್ತು ನಕಲಿನ ಕಡತಸಂಖ್ಯೆಯನ್ನು ತಾಳೆ ನೋಡಬೇಕು. ಎಸ್‌ಎಚ್‌ಎ-256ರಂತಹ ತಾಳೆಮೊತ್ತದಿಂದ ಒಳಗಿನ ಬೈಟುಗಳು ಒಂದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಳಕೆಯಾದ ಅಕ್ಷರಶೈಲಿಗಳ ಪಟ್ಟಿಯನ್ನು ಕಡತಗಳ ಜೊತೆಗೇ ಇಡಬೇಕು. ಯೂನಿಕೋಡಿಗೆ ತಂದ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು ಮೂಲವನ್ನು ಹಾಗೆಯೇ ಉಳಿಸಬೇಕು. ಪರಿವರ್ತನೆಯ ಫಲವನ್ನು ಎರಡೂ ಭಾಷೆ ಬಲ್ಲವರೊಬ್ಬರು ಓದಿ ತಿದ್ದಬೇಕು. ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸ್ಥಾನ ತಪ್ಪುವುದು ಪರಿವರ್ತನೆಯಲ್ಲಿ ಸಾಮಾನ್ಯ.

ಇವುಗಳಲ್ಲಿ ಯಾವುದಕ್ಕೂ ದುಬಾರಿ ತಂತ್ರಾಂಶ ಬೇಡ. ಒಂದು ಪೆನ್‌ಡ್ರೈವ್, ಒಂದು ಹೊರಗಿನ ಡಿಸ್ಕ್, ಒಂದೆರಡು ದಿನದ ತಾಳ್ಮೆ ಸಾಕು. ಬೇಕಾದುದು ಸಕಾಲದ ಗಮನ. ಹಳೆಯ ಕಂಪ್ಯೂಟರು ಗುಜರಿಗೆ ಹೋದ ಮೇಲೆ, ಅಥವಾ ಸ್ಥಾಪನೆಯ ವೇಳೆ 'ಇಡೀ ಡಿಸ್ಕನ್ನು ಅಳಿಸು' ಎಂಬ ಗುಂಡಿಯನ್ನು ಒತ್ತಿದ ಮೇಲೆ, ಈ ಯಾವ ವಿಧಾನವೂ ನೆರವಿಗೆ ಬಾರದು.