ಪೀಪಾಯಿಯೊಳಗಿನ ಜೀವ

2006ರ ಡಿಸೆಂಬರ್. ದಕ್ಷಿಣ ಇಂಗ್ಲೆಂಡಿನ ಈಸ್ಟ್ ಸಸೆಕ್ಸ್ ಕೌಂಟಿಯಲ್ಲಿರುವ ಲೂಯಿಸ್ ಎಂಬ ಪುಟ್ಟ ಪಟ್ಟಣ. ಅಲ್ಲಿನ ‘ಲೂಯಿಸ್ ಆರ್ಮ್ಸ್’ ಪಬ್‌ನ ಬಾಗಿಲಲ್ಲಿ, ಚಳಿಯನ್ನೂ ಲೆಕ್ಕಿಸದೆ ಕೆಲವರು ನಿಂತಿದ್ದರು. ಒಳಗೆ ಹೋಗಲು ಬಂದವರಿಗೆ ‘ದಯವಿಟ್ಟು ಇಲ್ಲಿ ಕುಡಿಯಬೇಡಿ’ ಎಂದು ವಿನಂತಿಸುತ್ತಿದ್ದರು. ಅವರು ಪಾನನಿಷೇಧದ ಪ್ರಚಾರಕರಲ್ಲ. ಅದೇ ಪಬ್‌ನಲ್ಲಿ ವರ್ಷಗಟ್ಟಲೆ ಕುಳಿತು ಬಿಯರ್ ಕುಡಿದ ಕಾಯಂ ಗಿರಾಕಿಗಳು. ಪಬ್‌ನ ಒಡೆತನ ಹೊಂದಿದ್ದ ಗ್ರೀನ್ ಕಿಂಗ್ ಎಂಬ ದೊಡ್ಡ ಬ್ರೂವರಿ, ತನ್ನದಲ್ಲದ ಒಂದು ಬಿಯರ್ ಅನ್ನು ಅಲ್ಲಿ ಮಾರುವುದನ್ನು ನಿಲ್ಲಿಸಿತ್ತು. ಆ ಬಿಯರ್‌ನ ಹೆಸರು ‘ಹಾರ್ವೀಸ್ ಬೆಸ್ಟ್ ಬಿಟರ್’. ಅದು ತಯಾರಾಗುತ್ತಿದ್ದುದು ಪಬ್‌ನಿಂದ ಕೆಲವೇ ನಿಮಿಷ ನಡೆದರೆ ಸಿಗುವ ಹಾರ್ವೀಸ್ ಬ್ರೂವರಿಯಲ್ಲಿ.

ಒಂದು ಲೋಟ ಬಿಯರ್‌ಗಾಗಿ ಊರಿನ ಜನ ಸತ್ಯಾಗ್ರಹ ಹೂಡಿದ್ದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಇಂಗ್ಲೆಂಡಿನಲ್ಲಿ ಪಬ್ ಎಂದರೆ ಏನು, ಅದು ಯಾರ ಸ್ವತ್ತು, ಅಲ್ಲಿ ಸಿಗುವ ‘ರಿಯಲ್ ಏಲ್’ ಎಂಬುದು ಉಳಿದ ಬಿಯರ್‌ಗಳಿಗಿಂತ ಹೇಗೆ ಬೇರೆ ಎಂಬುದನ್ನು ತಿಳಿದರೆ ಈ ಜಗಳದ ಮರ್ಮ ಅರ್ಥವಾಗುತ್ತದೆ.

ಮೂರು ದಿನದ ಆಯುಸ್ಸು

ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಬಿಯರ್ ಸಾಮಾನ್ಯವಾಗಿ ಹುದುಗುವಿಕೆ ಮುಗಿದು, ಸೋಸಿ, ಬಿಸಿ ಮಾಡಿ, ಅನಿಲ ತುಂಬಿ ಮುಚ್ಚಿದ ಪಾನೀಯ. ಅದರಲ್ಲಿನ ಯೀಸ್ಟ್ ಸತ್ತಿರುತ್ತದೆ ಅಥವಾ ಹೊರಹೋಗಿರುತ್ತದೆ. ತಿಂಗಳುಗಟ್ಟಲೆ ಇಟ್ಟರೂ ಅದು ಹೆಚ್ಚು ಬದಲಾಗುವುದಿಲ್ಲ. ರಿಯಲ್ ಏಲ್ ಹಾಗಲ್ಲ. ಬ್ರೂವರಿಯಿಂದ ಹೊರಟಾಗಲೂ ಅದರಲ್ಲಿ ಯೀಸ್ಟ್ ಬದುಕಿರುತ್ತದೆ. ಯಾವ ಪೀಪಾಯಿಯಿಂದ ಅದನ್ನು ಲೋಟಕ್ಕೆ ಎಳೆಯುತ್ತಾರೋ ಅದೇ ಪೀಪಾಯಿಯೊಳಗೆ ಅದು ಎರಡನೇ ಸಲ ಹುದುಗಿ ಹದಕ್ಕೆ ಬರುತ್ತದೆ. ಹೊರಗಿನಿಂದ ಇಂಗಾಲದ ಡೈ ಆಕ್ಸೈಡ್ ತುಂಬಿ ನೊರೆ ಬರಿಸುವಂತಿಲ್ಲ.

ಬೆಳಿಗ್ಗೆ ಮರದಿಂದ ಇಳಿಸಿದ ಸಿಹಿ ಕಳ್ಳು ಸಂಜೆಯ ಹೊತ್ತಿಗೆ ಹುಳಿಯಾಗುವುದನ್ನು ನಮ್ಮ ಕರಾವಳಿಯವರು ಬಲ್ಲರು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ, ಮರುದಿನಕ್ಕೆ ಹುಳಿ ಹೆಚ್ಚಾಗುವುದು ಎಲ್ಲರ ಅಡುಗೆಮನೆಯ ಅನುಭವ. ರಿಯಲ್ ಏಲ್ ಈ ಜಾತಿಗೆ ಸೇರಿದ್ದು. ಅದನ್ನು ಕಾಯುವ ಕೆಲಸ ಪಬ್‌ನ ನೆಲಮಾಳಿಗೆಯಲ್ಲಿ ನಡೆಯುತ್ತದೆ.

ಸಾಮಾನ್ಯವಾಗಿ ಬಳಸುವ ಪೀಪಾಯಿಗೆ ‘ಫರ್ಕಿನ್’ ಎಂದು ಹೆಸರು. ಅದರಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್ ಬಿಯರ್ ಹಿಡಿಯುತ್ತದೆ. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಬ್ರೂವರಿಯಿಂದ ಬಂದ ಪೀಪಾಯಿಯನ್ನು ನೆಲಮಾಳಿಗೆಯಲ್ಲಿ ಅಡ್ಡಲಾಗಿ, ಅಲುಗಾಡದಂತೆ ಮಲಗಿಸುತ್ತಾರೆ. ಅಲ್ಲಿನ ಉಷ್ಣಾಂಶ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಪೀಪಾಯಿಯ ಮೇಲ್ಭಾಗದ ತೂತಿಗೆ ರಂಧ್ರಗಳುಳ್ಳ ಮೆದು ಮರದ ಬೆಣೆಯನ್ನು ಬಡಿಯುತ್ತಾರೆ. ಹುದುಗುವಾಗ ಹುಟ್ಟಿದ ಹೆಚ್ಚುವರಿ ಅನಿಲ ಅದರ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಬೇಕಾದಷ್ಟು ಅನಿಲ ಉಳಿದಾಗ ಮೆದು ಬೆಣೆ ತೆಗೆದು ಗಟ್ಟಿ ಬೆಣೆ ಹಾಕುತ್ತಾರೆ. ಮೀನಿನ ಗಾಳಿಚೀಲದಿಂದ ತೆಗೆದ ಒಂದು ಬಗೆಯ ಅಂಟು ಯೀಸ್ಟನ್ನು ತಳಕ್ಕೆ ಎಳೆದು ಬಿಯರನ್ನು ತಿಳಿಗೊಳಿಸುತ್ತದೆ. ಈ ಅಂಟಿನ ಬಳಕೆ ಹಳೆಯ ಕಾಲದಿಂದ ಬಂದದ್ದು. ಸಸ್ಯಾಹಾರಿಗಳು ಈಗ ಅದಿಲ್ಲದ ಬಿಯರ್ ಕೇಳುವುದೂ ಉಂಟು.

ಪೀಪಾಯಿಯಿಂದ ಬಿಯರ್ ಇಳಿದಂತೆಲ್ಲ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಗಾಳಿ ತಾಗಿದ ಬಿಯರ್ ಕೆಡಲು ಶುರುವಾಗುತ್ತದೆ. ಆದ್ದರಿಂದ ಒಮ್ಮೆ ತೆರೆದ ಪೀಪಾಯಿಯನ್ನು ಸುಮಾರು ಮೂರು ದಿನಗಳಲ್ಲಿ ಖಾಲಿ ಮಾಡಬೇಕು. ಮೂರು ದಿನದಲ್ಲಿ 72 ಪಿಂಟ್ ಕುಡಿಯುವಷ್ಟು ಜನ ಬರದ ಪಬ್‌ಗೆ ರಿಯಲ್ ಏಲ್ ಇಡುವುದು ನಷ್ಟದ ಬಾಬ್ತು. ಈ ಬಿಯರ್ ಉಳಿಯಬೇಕಾದರೆ ಒಳ್ಳೆಯ ಬ್ರೂವರಿಯೊಂದೇ ಸಾಲದು. ನೆಲಮಾಳಿಗೆಯ ಕೆಲಸ ಬಲ್ಲ ಪಬ್ ಮಾಲೀಕ ಬೇಕು, ದಿನವೂ ಬರುವ ಗಿರಾಕಿಗಳೂ ಬೇಕು.

ಬ್ರೂವರಿಯ ಮಗ್ಗುಲಲ್ಲಿ

ಈ ಮೂವರ ನಂಟನ್ನು ಕಣ್ಣಾರೆ ನೋಡಲು ಲೂಯಿಸ್ ತಕ್ಕ ಊರು. ಲಂಡನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಊಸ್ ನದಿಯ ದಂಡೆಯ ಮೇಲೆ ಹಾರ್ವೀಸ್ ಬ್ರೂವರಿ ಎದ್ದು ಕಾಣುತ್ತದೆ. 1790ರಲ್ಲಿ ಆರಂಭವಾದ ಸಂಸ್ಥೆ ಇದು. ಗೋಪುರವುಳ್ಳ ಈಗಿನ ಕಟ್ಟಡವನ್ನು 1880ರ ದಶಕದಲ್ಲಿ ವಿಲಿಯಂ ಬ್ರಾಡ್‌ಫರ್ಡ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಕಟ್ಟಲಾಯಿತು. ಊರಿನವರು ಪ್ರೀತಿಯಿಂದ ಇದನ್ನು ‘ಲೂಯಿಸ್ ಕೆಥೀಡ್ರಲ್’ ಎನ್ನುತ್ತಾರೆ.

ಗೋಪುರ ಅಲಂಕಾರಕ್ಕೆ ಕಟ್ಟಿದ್ದಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನೂ ನೀರನ್ನೂ ಒಮ್ಮೆ ಮೇಲಕ್ಕೆ ಏರಿಸಿದರೆ ಮುಂದಿನ ಹೆಚ್ಚಿನ ಕೆಲಸ ಇಳಿಜಾರಿನಲ್ಲಿ ತಾನಾಗಿ ಸಾಗುತ್ತದೆ. ಬಿಸಿನೀರಿನಲ್ಲಿ ಬಾರ್ಲಿ ತನ್ನ ಸಕ್ಕರೆ ಬಿಡುತ್ತದೆ. ಆ ಸಿಹಿನೀರನ್ನು ಹಾಪ್ ಹೂಗಳೊಡನೆ ಕುದಿಸಿದಾಗ ಕಹಿಯೂ ಸುವಾಸನೆಯೂ ಸೇರುತ್ತವೆ. ಅದನ್ನು ಆರಿಸಿ ಯೀಸ್ಟ್ ಬೆರೆಸಿದರೆ ಸಕ್ಕರೆ ಆಲ್ಕೋಹಾಲ್ ಆಗಿ ಬದಲಾಗುತ್ತದೆ.

ಹಾರ್ವೀಸ್‌ನ ಯೀಸ್ಟ್‌ಗೆ ಒಂದು ಕಥೆಯಿದೆ. 1957ರಲ್ಲಿ ಅದನ್ನು ಯಾರ್ಕ್‌ಷೈರ್‌ನ ಟ್ಯಾಡ್‌ಕಾಸ್ಟರ್‌ನಲ್ಲಿದ್ದ ಜಾನ್ ಸ್ಮಿತ್ಸ್ ಬ್ರೂವರಿಯಿಂದ ತರಲಾಯಿತು. ಅಂದಿನಿಂದ ಒಂದು ಸಲದ ಯೀಸ್ಟನ್ನು ಮುಂದಿನ ಸಲಕ್ಕೆ ಎತ್ತಿಟ್ಟು ಬಳಸುತ್ತ ಬಂದಿದ್ದಾರೆ. ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹೆಪ್ಪು ಹಾಕಿದಂತೆ. 2000ದ ಅಕ್ಟೋಬರ್‌ನಲ್ಲಿ ಊಸ್ ನದಿ ಉಕ್ಕಿ ಊರನ್ನೂ ಬ್ರೂವರಿಯನ್ನೂ ಮುಳುಗಿಸಿತು. ಆ ಸಮಯದಲ್ಲಿ ತೊಟ್ಟಿಗಳಲ್ಲಿ ಹುದುಗುತ್ತಿದ್ದ ಬಿಯರನ್ನು ಬಳಿಕ ‘ಊಸ್ ಬೂಜ್’ ಎಂಬ ಹೆಸರಿನಲ್ಲಿ ಮಾರಿದರು. ಸಂಕಟವನ್ನೂ ನಗೆಯಲ್ಲಿ ದಾಟುವುದು ಆ ಊರಿನ ಜಾಯಮಾನ.

ಬ್ರೂವರಿಯ ಎದುರಿಗೇ ಅದರದೇ ಒಡೆತನದ ‘ಜಾನ್ ಹಾರ್ವಿ ಟ್ಯಾವರ್ನ್’ ಇದೆ. ಮೊದಲ ಸಲ ಇಂಥ ಪಬ್‌ಗೆ ಹೋದವರಿಗೆ ಕೆಲವು ಸಂಗತಿಗಳು ಹೊಸತು. ಮೇಜಿನ ಬಳಿ ಕುಳಿತು ಮಾಣಿಗಾಗಿ ಕಾದರೆ ಯಾರೂ ಬರುವುದಿಲ್ಲ. ಕಟ್ಟೆಯ ಬಳಿ ಹೋಗಿ ಕೇಳಿ, ದುಡ್ಡು ಕೊಟ್ಟು, ಲೋಟವನ್ನು ತಾವೇ ತರಬೇಕು. ಜೊತೆಗಾರರು ಇದ್ದರೆ ಒಬ್ಬೊಬ್ಬರು ಒಂದೊಂದು ಸರದಿ ಎಲ್ಲರಿಗೂ ಕೊಡಿಸಬೇಕು. ಕಟ್ಟೆಯ ಮೇಲೆ ಎತ್ತರದ ಹಿಡಿಕೆಗಳು ಸಾಲಾಗಿ ನಿಂತಿರುತ್ತವೆ. ಇವು ಕೈಪಂಪುಗಳು. ಇಂಥ ಬಿಯರ್ ಯಂತ್ರಕ್ಕೆ 1797ರಲ್ಲಿ ಪೇಟೆಂಟ್ ಪಡೆದವರು ಬೀಗ ಮತ್ತು ಜಲಶಕ್ತಿಯ ಒತ್ತುಯಂತ್ರಕ್ಕೆ ಹೆಸರಾದ ಜೋಸೆಫ್ ಬ್ರಾಮಾ. ಹಿಡಿಕೆಯನ್ನು ಎಳೆದರೆ ನೆಲಮಾಳಿಗೆಯಿಂದ ಬಿಯರ್ ಮೇಲೇರಿ ಬರುತ್ತದೆ. ತಾಮ್ರದ ಬಣ್ಣ, ತೆಳು ನೊರೆ, ನಾಲಿಗೆ ಮರಗಟ್ಟಿಸದ ಹಿತವಾದ ತಂಪು, ಕೊನೆಯಲ್ಲಿ ಉಳಿಯುವ ಕಹಿ. ಬೆಸ್ಟ್ ಬಿಟರ್‌ನಲ್ಲಿ ಆಲ್ಕೋಹಾಲ್ ಶೇ 4ರಷ್ಟು ಮಾತ್ರ. ಅಮಲಿಗಿಂತ ಮಾತಿಗೆ ಜೊತೆಯಾಗುವ ಪಾನೀಯ ಇದು.

ಕಟ್ಟಿನ ಎರಡು ಮುಖ

ಬ್ರೂವರಿಯೇ ಪಬ್‌ನ ಒಡೆಯನಾಗುವ ಪದ್ಧತಿ ಹಳೆಯದು. 1830ರ ಕಾನೂನಿನಂತೆ ಎರಡು ಗಿನಿ ಕಟ್ಟಿದವರಿಗೆ ಬಿಯರ್ ಅಂಗಡಿ ತೆರೆಯಲು ಅವಕಾಶವಿತ್ತು. 1869ರ ಕಾನೂನು ಲೈಸೆನ್ಸ್ ಕೊಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರ ಕೈಗೆ ಒಪ್ಪಿಸಿತು. ಹೊಸ ಲೈಸೆನ್ಸ್ ಸಿಗುವುದು ಕಷ್ಟವಾದಂತೆ, ಇದ್ದ ಪಬ್‌ಗಳಿಗೆ ಬೆಲೆ ಏರಿತು. 19ನೇ ಶತಮಾನದ ಕೊನೆಯ ವೇಳೆಗೆ ಬ್ರೂವರಿಗಳು ಷೇರು ಮಾರಿ ಬಂಡವಾಳ ಎತ್ತಿ ಪಬ್‌ಗಳನ್ನು ಪೈಪೋಟಿಯಲ್ಲಿ ಕೊಂಡವು. ಪಬ್ ನಡೆಸುವವನು ಒಂದರ್ಥದಲ್ಲಿ ಗೇಣಿದಾರ. ಬಾಡಿಗೆ ಕಡಿಮೆ. ಬದಲಿಗೆ ಒಡೆಯನ ಬಿಯರನ್ನೇ, ಒಡೆಯ ಹೇಳಿದ ದರಕ್ಕೆ ಕೊಳ್ಳಬೇಕು. ಇದಕ್ಕೆ ‘ಟೈ’, ಅಂದರೆ ಕಟ್ಟು ಎನ್ನುತ್ತಾರೆ. ಇಂಥ ಕಟ್ಟಿಲ್ಲದ ಪಬ್‌ಗೆ ‘ಫ್ರೀ ಹೌಸ್’ ಎಂದು ಹೆಸರು.

ಈ ಕಟ್ಟು ಊರಿನ ಸಣ್ಣ ಬ್ರೂವರಿಯ ಕೈಯಲ್ಲಿದ್ದಾಗ ಬಿಯರ್‌ನ ಜೀವ ಕಾಯುತ್ತದೆ. ಪಬ್ ಹತ್ತಿರ, ಸಾಗಣೆ ಸುಲಭ, ಬಿಯರ್ ಕೆಟ್ಟರೆ ಹೆಸರು ಕೆಡುವುದು ತನ್ನದೇ ಎಂಬ ಎಚ್ಚರ. ಕಟ್ಟು ದೂರದ ದೊಡ್ಡ ಕಂಪನಿಯ ಕೈ ಸೇರಿದಾಗ ಅದೇ ಉರುಳಾಗುತ್ತದೆ. 1960ರ ದಶಕದಲ್ಲಿ ದೊಡ್ಡ ಬ್ರೂವರಿಗಳು ಸಣ್ಣವನ್ನು ನುಂಗಿ, ಅವುಗಳ ಪಬ್‌ಗಳಿಗೆ ಸೋಸಿ, ಬಿಸಿ ಮಾಡಿ, ಅನಿಲ ತುಂಬಿದ ‘ಕೆಗ್’ ಬಿಯರ್ ಕಳಿಸತೊಡಗಿದವು. ಅದಕ್ಕೆ ನೆಲಮಾಳಿಗೆಯ ಕುಶಲತೆ ಬೇಕಿಲ್ಲ, ಬೇಗ ಕೆಡುವ ಭಯವಿಲ್ಲ. ವಾಟ್ನೀಸ್ ಕಂಪನಿಯ ‘ರೆಡ್ ಬ್ಯಾರಲ್’ ಈ ಬಗೆಯ ಬಿಯರ್‌ನ ಸಂಕೇತವಾಯಿತು.

ಇದರಿಂದ ಬೇಸತ್ತ ನಾಲ್ವರು ಇಂಗ್ಲಿಷ್ ತರುಣರು 1971ರ ಮಾರ್ಚ್‌ನಲ್ಲಿ ಐರ್ಲೆಂಡ್ ಪ್ರವಾಸದ ವೇಳೆ ಒಂದು ಚಳವಳಿ ಹುಟ್ಟುಹಾಕಿದರು. ಅದೇ ‘ಕ್ಯಾಮ್ರಾ’. ‘ರಿಯಲ್ ಏಲ್’ ಎಂಬ ಮಾತು ಮನೆಮಾತಾದದ್ದು ಈ ಸಂಘಟನೆಯಿಂದ. ಮುಂದೆ ಅದರ ಸದಸ್ಯರ ಸಂಖ್ಯೆ ಲಕ್ಷ ದಾಟಿತು. ಬಳಕೆದಾರರ ಚಳವಳಿಯೊಂದು ದೊಡ್ಡ ಉದ್ಯಮದ ದಿಕ್ಕು ಬದಲಿಸಿದ ಅಪರೂಪದ ನಿದರ್ಶನ ಇದು.

ಸರ್ಕಾರವೂ ಕೈಹಾಕಿತು. ದೇಶದ ಬಿಯರ್‌ನ ಸುಮಾರು ಮುಕ್ಕಾಲು ಪಾಲು ಆರು ಕಂಪನಿಗಳ ಹಿಡಿತದಲ್ಲಿದೆ ಎಂದು ಏಕಸ್ವಾಮ್ಯ ಆಯೋಗ 1989ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ‘ಬಿಯರ್ ಆದೇಶ’ಗಳು ಬಂದವು. 2,000ಕ್ಕಿಂತ ಹೆಚ್ಚು ಪಬ್ ಇರುವ ಬ್ರೂವರಿ, ಆ ಮಿತಿಗಿಂತ ಹೆಚ್ಚಿಗೆ ಇರುವವುಗಳಲ್ಲಿ ಅರ್ಧದಷ್ಟನ್ನು 1992ರ ನವೆಂಬರ್ ಒಳಗೆ ಕಟ್ಟಿನಿಂದ ಬಿಡಿಸಬೇಕು. ಉಳಿದ ಪಬ್‌ಗಳಲ್ಲಿ ಬೇರೆ ಬ್ರೂವರಿಯ ಒಂದು ‘ಅತಿಥಿ’ ಬಿಯರ್ ಮಾರಲು ಅವಕಾಶ ಕೊಡಬೇಕು.

ಉದ್ದೇಶ ಒಳ್ಳೆಯದೇ ಇತ್ತು. ಆದದ್ದು ಬೇರೆ. ಬ್ರೂವರಿಗಳು ಮಾರಿದ ಸಾವಿರಾರು ಪಬ್‌ಗಳನ್ನು ಬಿಯರ್ ತಯಾರಿಸದ, ಪಬ್‌ಗಳ ಒಡೆತನವನ್ನೇ ಉದ್ಯಮ ಮಾಡಿಕೊಂಡ ಕಂಪನಿಗಳು ಕೊಂಡವು. ಬಿಯರ್ ತಯಾರಕರಿಗೆ ಹಾಕಿದ ಮಿತಿ ಇವುಗಳಿಗೆ ಅನ್ವಯಿಸಲಿಲ್ಲ. 2000ದ ದಶಕದ ಮಧ್ಯದ ವೇಳೆಗೆ ಪಂಚ್ ಮತ್ತು ಎಂಟರ್‌ಪ್ರೈಸ್ ಎಂಬ ಎರಡು ಕಂಪನಿಗಳ ಬಳಿ ತಲಾ ಎಂಟು ಸಾವಿರಕ್ಕೂ ಹೆಚ್ಚು ಪಬ್‌ಗಳಿದ್ದವು. ಹಳೆಯ ದೈತ್ಯರಾದ ಬಾಸ್ ಮತ್ತು ವಿಟ್‌ಬ್ರೆಡ್ 2000ದಲ್ಲಿ ಬಿಯರ್ ತಯಾರಿಕೆಯನ್ನೇ ಮಾರಿ ಕೈತೊಳೆದುಕೊಂಡವು. ಗೇಣಿದಾರನ ಕಟ್ಟು ಬಿಚ್ಚಲಿಲ್ಲ, ಹಗ್ಗ ಹಿಡಿದ ಕೈ ಬದಲಾಯಿತು. ಬಿಯರ್ ಆದೇಶಗಳನ್ನು 2003ರಲ್ಲಿ ರದ್ದುಪಡಿಸಲಾಯಿತು. ದೊಡ್ಡ ಒಡೆಯರ ಗೇಣಿದಾರರಿಗೆ ರಕ್ಷಣೆ ಕೊಡುವ ಹೊಸ ಸಂಹಿತೆ ಬಂದದ್ದು 2016ರಲ್ಲಿ.

133 ದಿನಗಳ ಬಳಿಕ

ಈಗ ಮತ್ತೆ ಲೂಯಿಸ್ ಆರ್ಮ್ಸ್‌ನ ಬಾಗಿಲಿಗೆ ಬರಬಹುದು. ಆ ಪಬ್ 1998ರಲ್ಲಿ ಗ್ರೀನ್ ಕಿಂಗ್ ಪಾಲಾಗಿತ್ತು. ಗ್ರೀನ್ ಕಿಂಗ್ ಸಹ 1799ರಿಂದ ಬಿಯರ್ ತಯಾರಿಸುತ್ತಿರುವ ಸಂಸ್ಥೆ, ಅದೂ ರಿಯಲ್ ಏಲ್ ಮಾಡುತ್ತದೆ. ಪಬ್ ನಮ್ಮದು, ಬಿಯರೂ ನಮ್ಮದಿರಲಿ ಎಂಬ ಅದರ ವಾದ ಕಾನೂನಿನ ಪ್ರಕಾರ ಸರಿಯೇ. ಆದರೆ ಬಟಾಣಿ ಎಸೆಯುವ ಪಂದ್ಯವನ್ನು ‘ವಿಶ್ವ ಚಾಂಪಿಯನ್‌ಷಿಪ್’ ಎಂದು ಕರೆದು ನಡೆಸುವ ಆ ಪಬ್‌ನ ಗಿರಾಕಿಗಳಿಗೆ, ಗೋಡೆ ಛಾವಣಿಗಳ ಮಾಲೀಕತ್ವ ಬೇರೆ, ಪಬ್‌ನ ಮಾಲೀಕತ್ವ ಬೇರೆ. ಅವರು ಕಲ್ಲು ತೂರಲಿಲ್ಲ, ಒಳಗೆ ಹೋಗುವುದನ್ನು ನಿಲ್ಲಿಸಿದರು. ವ್ಯಾಪಾರ ಕುಸಿಯಿತು. 133 ದಿನಗಳ ಬಳಿಕ, 2007ರ ಏಪ್ರಿಲ್‌ನಲ್ಲಿ ಕಂಪನಿ ಮಣಿಯಿತು. ಹಾರ್ವೀಸ್ ಮರಳಿ ಬಂತು.

ಎಲ್ಲ ಕಡೆ ಹೀಗೆ ಗೆಲುವು ಸಿಕ್ಕಿಲ್ಲ. 2000ದ ವೇಳೆಗೆ ಬ್ರಿಟನ್‌ನಲ್ಲಿ 60,000ದಷ್ಟಿದ್ದ ಪಬ್‌ಗಳು ಈಗ 50,000ಕ್ಕಿಂತ ಕಡಿಮೆ. 2019ರಲ್ಲಿ ಗ್ರೀನ್ ಕಿಂಗೇ ಹಾಂಕಾಂಗ್ ಮೂಲದ ಸಿಕೆ ಅಸೆಟ್ ಕಂಪನಿಗೆ ಮಾರಾಟವಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ಪಬ್‌ಗಳು ಮುಚ್ಚಿದಾಗ, ಕಾಯಲಾರದ ಬಿಯರನ್ನು ಕೋಟಿಗಟ್ಟಲೆ ಪಿಂಟ್ ಚರಂಡಿಗೆ ಸುರಿಯಬೇಕಾಯಿತು.

ಬೆಂಗಳೂರನ್ನು ‘ಪಬ್ ನಗರಿ’ ಎಂದು ಕರೆಯತೊಡಗಿದ ದಿನಗಳಲ್ಲಿ ಇಲ್ಲಿಗೆ ಬಂದದ್ದು ಪಬ್ ಎಂಬ ಹೆಸರು ಮತ್ತು ಅನಿಲ ತುಂಬಿದ ತಣ್ಣನೆಯ ಬಿಯರ್. ಕಳೆದ ದಶಕದಿಂದ ಇಲ್ಲೂ ಅಲ್ಲಲ್ಲೇ ಬಿಯರ್ ತಯಾರಿಸುವ ಕಿರು ಬ್ರೂವರಿಗಳು ಬಂದಿವೆ. ಲೂಯಿಸ್‌ನ ಪಾಠ ಅವಕ್ಕೂ ಸಲ್ಲುತ್ತದೆ. ಬೇಗ ಕೆಡುವ ವಸ್ತುವನ್ನು ಉಳಿಸುವುದು ಯಂತ್ರವಲ್ಲ, ಅದನ್ನು ತಮ್ಮದೆಂದು ತಿಳಿದ ಜನ.

ರಾತ್ರಿ ಕೊನೆಯ ಗಂಟೆ ಬಾರಿಸಿ ಗಿರಾಕಿಗಳು ಮನೆಗೆ ಹೊರಟ ಮೇಲೆ ಪಬ್ ನಡೆಸುವವನಿಗೆ ಒಂದು ಕೆಲಸ ಉಳಿದಿರುತ್ತದೆ. ನೆಲಮಾಳಿಗೆಗೆ ಇಳಿದು ತೆರೆದ ಪೀಪಾಯಿಗಳಿಗೆ ಗಟ್ಟಿ ಬೆಣೆ ಬಡಿಯಬೇಕು. ಒಳಗಿನ ಜೀವ ನಾಳೆಯ ಗಿರಾಕಿಗಳು ಬರುವವರೆಗೆ ಉಳಿಯಬೇಕಲ್ಲ.